ಪೆಟ್ಟಿಗೆಯೊಳಗಿನ ಗಾಳಿ

ನಮ್ಮ ಗದಗ ಸೀಮೆಯಲ್ಲಿ ಸ್ಪೀಕರಿಗೆ ‘ಬಾಕ್ಸು’ ಎನ್ನುತ್ತಾರೆ. ‘ಮದುವಿಗೆ ಬಾಕ್ಸ್ ಹೇಳೀವಿ’, ‘ಬಾಕ್ಸ್ ಹರದೈತಿ’ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಹರಿಯುವುದು ಒಳಗಿನ ಕಾಗದದ ಕೋನು, ಹೆಸರು ಮಾತ್ರ ಹೊರಗಿನ ಪೆಟ್ಟಿಗೆಯದು. ಈ ಹೆಸರಿಟ್ಟವರು ಯಾರೋ ಬಲ್ಲವರೇ ಇರಬೇಕು ಎಂದು ಲಕ್ಕುಂಡಿಯಲ್ಲಿ ನನ್ನ ಆಪಾಳ ಮಗನ ಶೆಡ್ಡಿನಲ್ಲಿ ಕುಳಿತಾಗೆಲ್ಲ ಅನಿಸುತ್ತದೆ.

ಗದಗಿನಿಂದ ಹೊಸಪೇಟೆಗೆ ಹೋಗುವ ರಸ್ತೆಯ ಬದಿಗೆ ಅವನದೊಂದು ತಗಡಿನ ಶೆಡ್ಡು. ಅಲ್ಲಿ ಅವನು ಕಾರುಗಳಿಗೆ, ಜೀಪುಗಳಿಗೆ, ಟ್ರ್ಯಾಕ್ಟರುಗಳಿಗೆ ಫೈಬರ್ ಗ್ಲಾಸಿನ ಸ್ಪೀಕರ್ ಪೆಟ್ಟಿಗೆ ಮಾಡುತ್ತಾನೆ. ಅವನ ಅಪ್ಪ, ನಮ್ಮ ದುಲ್ಹಾಭಾಯಿ, ಪಿಂಜಾರ. ಹೆಗಲ ಮೇಲೆ ಕಮಾನು ಹೊತ್ತು ಊರೂರು ತಿರುಗಿ ಗಾದಿಯ ಹಳೆಯ ಅರಳೆ ಹಿಂಜಿ ಕೊಡುತ್ತಿದ್ದರು. ಆ ಕಮಾನಿನ ತಂತಿಯ ‘ಟೈಂವ್ ಟೈಂವ್’ ಕೇಳಿದ ಕೂಡಲೇ ಓಣಿಯ ಹೆಂಗಸರು ಗಾದಿ ಹೊರಗೆ ತರುತ್ತಿದ್ದರು. ಸದ್ದು ಈ ಮನೆತನಕ್ಕೆ ಹೊಸತಲ್ಲ ಎಂದು ನಾನು ನಗೆಯಾಡುವುದುಂಟು.

ಒಮ್ಮೆ ಅವನು ನನಗೆ ಬರಿಯ ಸ್ಪೀಕರೊಂದನ್ನು ಟೇಬಲ್ ಮೇಲೆ ಇಟ್ಟು ಹಾಡು ಹಚ್ಚಿ ತೋರಿಸಿದ. ಹನ್ನೆರಡು ಇಂಚಿನ ವೂಫರು, ಒಳ್ಳೆಯ ಬೆಲೆಯದು. ದನಿ ಬಂತು, ಆದರೆ ನೆಗಡಿಯಾದವರು ಮಾತಾಡಿದಂತೆ. ಡೋಲಿನ ಪೆಟ್ಟೇ ಇಲ್ಲ. ಅದನ್ನೇ ಪೆಟ್ಟಿಗೆಯ ಬಾಯಿಗೆ ಕೂರಿಸಿದ. ನಾನು ಕೂತಿದ್ದ ಕುರ್ಚಿಯ ಕಾಲು ಅದುರಿತು. ಸ್ಪೀಕರಿನ ಕೋನು ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದೆ ಅಷ್ಟೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೆಳಸ್ಥಾಯಿಯ ಅಲೆಗಳು ಉದ್ದ. ಸೆಕೆಂಡಿಗೆ 40 ಸಲ ನಡುಗುವ ಸದ್ದಿನ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಇರುತ್ತದೆ. ಇಷ್ಟುದ್ದದ ಅಲೆಗೆ ಒಂದು ಅಡಿಯ ಸ್ಪೀಕರನ್ನು ಸುತ್ತಿ ಬರುವುದು ಲೆಕ್ಕವೇ ಅಲ್ಲ. ಹಿಂದಿನದು ಮುಂದಿನದಕ್ಕೆ ಬಂದು ಸೇರಿ ಎರಡೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಪೆಟ್ಟಿಗೆಯ ಕೆಲಸ ಆ ಹಿಂದಿನ ಸದ್ದನ್ನು ಕೂಡಿ ಹಾಕುವುದು. ನಮ್ಮ ಹುಡುಗ ಇದನ್ನು ತನ್ನ ದಖ್ಖನಿಯಲ್ಲಿ ಚುಟುಕಾಗಿ ಹೇಳುತ್ತಾನೆ: “ಆವಾಜ್ ಪೇಟ್ ಸೆ ಆನಾ ಮಾಮೂ, ಮೂಂ ಸೆ ನಕೋ.” ದನಿ ಹೊಟ್ಟೆಯಿಂದ ಬರಬೇಕು, ಬಾಯಿಂದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾಡು ಕಲಿತವರೂ ಇದನ್ನು ಒಪ್ಪಿಯಾರು. ಮಿರಜಿನ ತಂಬೂರಿಗೆ ಅಷ್ಟು ದೊಡ್ಡ ಬುರುಡೆ ಸುಮ್ಮನೆ ಕಟ್ಟಿಲ್ಲ.

ಮೊದಲು ಒಳ್ಳೆಯ ಬಾಸ್ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೇ ಬೇಕಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬಾತ ಸಡಿಲ ಅಂಚಿನ ಸ್ಪೀಕರನ್ನು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿಟ್ಟು, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡ. ಕಾರಿನ ಡಿಕ್ಕಿಯಲ್ಲಿ ಇವತ್ತು ವೂಫರು ಹಿಡಿಸುವುದಕ್ಕೆ ಆ ಯುಕ್ತಿಯೂ ಒಂದು ಕಾರಣ.

ಹಲಗೆಯಲ್ಲೇ ಮಾಡಬಾರದೇ ಎಂದು ನೀವು ಕೇಳಬಹುದು. ಮಾಡುತ್ತಾರೆ. ಆದರೆ ಹಲಗೆಯ ಪೆಟ್ಟಿಗೆ ಇಟ್ಟರೆ ಡಿಕ್ಕಿಯಲ್ಲಿ ಮತ್ತೇನನ್ನೂ ಇಡಲಾಗದು. ಹಿಂಗಾಲಿಯ ಮೇಲಿನ ಉಬ್ಬಿನ ಪಕ್ಕ, ಮೂಲೆಯಲ್ಲಿ ವ್ಯರ್ಥವಾಗಿ ಬಿದ್ದ ಸೊಟ್ಟ ಜಾಗ ಒಂದಿರುತ್ತದಲ್ಲ, ಫೈಬರು ಅದರಲ್ಲಿ ಹೋಗಿ ಕೂರುತ್ತದೆ. ಮೊದಲು ಆ ಮೂಲೆಗೆಲ್ಲ ಟೇಪು ಅಂಟಿಸಬೇಕು, ಒಂದಿಂಚೂ ಬಿಡದೆ. ಅದರ ಮೇಲೆ ಗಾಜಿನ ನಾರಿನ ಮ್ಯಾಟು ಇಟ್ಟು ಬ್ರಶ್ಶಿನಿಂದ ರೆಸಿನ್ ಕುಡಿಸಬೇಕು. ರೆಸಿನ್ನಿಗೆ ಹಾರ್ಡನರ್ ನೂರಕ್ಕೆ ಒಂದರಿಂದ ಎರಡು ಪಾಲು, ಅಷ್ಟೇ. ಏಪ್ರಿಲ್ ಬಿಸಿಲಿನಲ್ಲಿ ಆ ಎರಡನ್ನೂ ಹಾಕಿದರೆ ಡಬ್ಬಿಯಲ್ಲೇ ಕುದ್ದು ಕಲ್ಲಾಗುತ್ತದೆ, ಹೊಗೆಯೂ ಏಳುತ್ತದೆ. ಮೂರ್ನಾಲ್ಕು ಪದರು ಒಣಗಿದ ಮೇಲೆ ಕಿತ್ತು ತೆಗೆದರೆ ಆ ಮೂಲೆಯದೇ ಅಚ್ಚು ಕೈಗೆ ಬರುತ್ತದೆ. ಸ್ಪೀಕರ್ ಕೂರುವ ಕಟ್ಟಿಗೆಯ ಬಳೆಯನ್ನು ಅದಕ್ಕೆ ಎದುರಾಗಿ ಕಡ್ಡಿಗಳ ಮೇಲೆ ನಿಲ್ಲಿಸಿ, ಎರಡಕ್ಕೂ ಸೇರಿಸಿ ಹಿಗ್ಗುವ ಬಟ್ಟೆಯೊಂದನ್ನು ಬಿಗಿಯಾಗಿ ಎಳೆಯುತ್ತಾನೆ. ಅಂಗಡಿಯ ಬಟ್ಟೆ ತೀರಿದಾಗ ಅವನ ಹಳೆಯ ಟೀ ಶರ್ಟುಗಳೂ ಈ ಕೆಲಸಕ್ಕೆ ಹೋಗಿವೆ. ಎಳೆದ ಬಟ್ಟೆ ತನ್ನಷ್ಟಕ್ಕೆ ತಾನೇ ಒಂದು ಬಾಗು ಪಡೆಯುತ್ತದೆ. ಅದನ್ನು ಯಾರೂ ಗೀಟು ಎಳೆದು ಮಾಡಿದ್ದಲ್ಲ. ರೆಸಿನ್ ಕುಡಿದು ಅದು ಗಟ್ಟಿಯಾಗುವ ಹೊತ್ತಿಗೆ ಅವನು ಮಾತು ನಿಲ್ಲಿಸಿ ನೋಡುತ್ತ ನಿಲ್ಲುತ್ತಾನೆ. ಆಮೇಲಿನದು ಬರೀ ದುಡಿತ: ಒಳಗಿನಿಂದ ಇನ್ನಷ್ಟು ಮ್ಯಾಟು, ಹೊರಗೆ ಪುಟ್ಟಿ, 80ನೇ ನಂಬರಿನ ಪಾಲಿಶ್ ಕಾಗದದಿಂದ 400ರವರೆಗೆ ಉಜ್ಜಾಟ, ಕೊನೆಗೆ ಬಣ್ಣ.

ಇಂಥ ಸೊಟ್ಟ ಪೆಟ್ಟಿಗೆಯ ಒಳಗೆ ಎಷ್ಟು ಗಾಳಿ ಹಿಡಿಯುತ್ತದೆ? ಯಾವ ಸೂತ್ರಕ್ಕೂ ಸುಲಭವಾಗಿ ಸಿಗದು. ಅವನು ಜೋಳ ಸುರಿದು ಅಳೆಯುತ್ತಾನೆ. ಒಂದು ಘನ ಅಡಿ ಎಂದರೆ 28 ಲೀಟರಿಗೆ ತುಸು ಹೆಚ್ಚು. ಲೀಟರಿನ ಮಾಪಿನಲ್ಲಿ ಎಣಿಸುತ್ತ ಸುರಿಯುವುದು, ತುಂಬಿತೆಂದರೆ ಲೆಕ್ಕ ಮುಗಿಯಿತು. ಉಣ್ಣುವ ಜೋಳವನ್ನು ಆ ವಾಸನೆಯ ಪೆಟ್ಟಿಗೆಗೆ ಸುರಿಯುತ್ತಾನೆಂದು ಆಪಾ ಜಗಳ ತೆಗೆದಳು. ಅಂದಿನಿಂದ ಅದಕ್ಕೆಂದೇ ಹುಳ ಹಿಡಿದ ಜೋಳದ ಒಂದು ಚೀಲ ಶೆಡ್ಡಿನಲ್ಲಿ ಬೇರೆ ಇದೆ.

ಲಕ್ಕುಂಡಿಗೆ ಬರುವವರು ಕಾಶಿವಿಶ್ವೇಶ್ವರನ ಗುಡಿ ನೋಡುತ್ತಾರೆ, 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ನೋಡುತ್ತಾರೆ, ಮುಸುಕಿನ ಬಾವಿಗೆ ಇಳಿದು ಕೂಗು ಹಾಕಿ ತಮ್ಮ ದನಿಯನ್ನೇ ಕೇಳಿಸಿಕೊಂಡು ಹೋಗುತ್ತಾರೆ. ಗುಡಿಯ ಕಂಬಗಳು ತಿರುಗಣಿಗೆ ಹಾಕಿ ಕಡೆದಷ್ಟು ನುಣುಪು. ಆ ಹಸಿರುಗಪ್ಪು ಕಲ್ಲು ಉಳಿಗೆ ಮೆತ್ತಗಿರುವುದರಿಂದ ಅದು ಸಾಧ್ಯವಾಯಿತು. ಆ ಶಿಲ್ಪಿಗಳ ಜೊತೆ ನಮ್ಮ ಹುಡುಗನನ್ನು ನಿಲ್ಲಿಸಲು ಹೊರಟಿಲ್ಲ, ಹಾಗೆಂದರೆ ಅವನೇ ನಗುತ್ತಾನೆ. ಆದರೂ ಸಾಲಿ ಬಿಟ್ಟ ಹುಡುಗ ಎಂದು ನೆಂಟರು ಮರುಗುವಾಗ ನನಗೆ ಸಿಟ್ಟು ಬರುತ್ತದೆ. ಗದಗ ಸುತ್ತಿನ ಗಾಳಿಯಂತ್ರಗಳ ರೆಕ್ಕೆಗಳಲ್ಲಿ ಇರುವುದೂ ಇದೇ ಗಾಜಿನ ನಾರು. ಅಲ್ಲಿ ಅದು ಇಂಜಿನಿಯರಿಂಗ್ ಆದರೆ ಇಲ್ಲಿ ಯಾಕೆ ‘ಗ್ಯಾರೇಜಿನ ಕೆಲಸ’?

ಆಪಾಳ ಚಿಂತೆ ಬೇರೆ. ದುಲ್ಹಾಭಾಯಿ ಕೊನೆಯ ಆರು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದರು. ಮಲಗಿದರೆ ಉಸಿರು ಹಿಡಿಯುತ್ತಿತ್ತು. ಹತ್ತಿಯ ದೂಳು ಎದೆಯಲ್ಲಿ ಕೂತಿದೆ ಎಂದರು ವೈದ್ಯರು. ಈಗ ಮಗ ಉಜ್ಜುವಾಗ ಏಳುವ ಬಿಳಿ ದೂಳನ್ನು ಅವಳು ಬಾಗಿಲಲ್ಲಿ ನಿಂತು ನೋಡುತ್ತಾಳೆ. ಅದು ಗಾಜು. ಮೊಣಕೈ ಮಡಿಕೆಯಲ್ಲಿ ಕೂತರೆ ಎರಡು ದಿನ ತುರಿಕೆ. ರೆಸಿನ್ನಿನಿಂದ ಏಳುವ ವಾಸನೆ ಸ್ಟೈರೀನಿನದು. ತಲೆ ಸುತ್ತುತ್ತದೆ, ಕಣ್ಣು ಉರಿಯುತ್ತದೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2018ರಲ್ಲಿ ಸ್ಟೈರೀನನ್ನು ‘ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವುಳ್ಳದ್ದು’ ಎಂಬ ಗುಂಪಿಗೆ ಸೇರಿಸಿತು. ಇದನ್ನು ನಾನು ಅವನಿಗೆ ಓದಿ ಹೇಳಿದೆ. ಆಪಾಳಿಗೆ ಹೇಳಲಿಲ್ಲ. ಕೊರೋನಾ ಕಾಲದ ಬಟ್ಟೆಯ ಮಾಸ್ಕು ಈ ಆವಿಗೆ ಏನೂ ಅಲ್ಲ. ಇದ್ದಿಲಿನ ಡಬ್ಬಿ ಇರುವ ಮಾಸ್ಕೇ ಬೇಕು, ಡಬ್ಬಿಯನ್ನು ಆಗಾಗ ಬದಲಿಸಬೇಕು. “ಒಂದು ಬಾಕ್ಸಿನ ಲಾಭ ಅದಕ್ಕೇ ಹೋಗ್ತದ ಮಾಮೂ” ಎಂದ. “ಹೋಗಲಿ” ಎಂದೆ. ಹುಬ್ಬಳ್ಳಿಯಿಂದ ತರಿಸಿದ್ದೇವೆ. ಸೆಕೆಗೆ ಹಣೆಯ ಮೇಲೆ ಏರಿಸಿಕೊಂಡು ಕೂರುತ್ತಾನೆ, ಆಪಾ ಬಾಗಿಲಲ್ಲಿ ಕಾಣಿಸಿದರೆ ಇಳಿಸುತ್ತಾನೆ. ಹಾಗಾಗಿ ಅವಳು ಏನಾದರೊಂದು ನೆಪ ಮಾಡಿ ದಿನಕ್ಕೆ ಹತ್ತು ಸಲ ಬಾಗಿಲಿಗೆ ಬರುತ್ತಾಳೆ.

ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಇದು ಯಾವುದೂ ಬೇಕಿಲ್ಲ. “ಸಾಹೇಬ್ರ, ಓಣಿ ನಡಗಬೇಕ್ ನೋಡ್ರಿ” ಎನ್ನುತ್ತಾರೆ. ಟ್ರ್ಯಾಕ್ಟರಿನವರದಂತೂ ಇದೊಂದೇ ಬೇಡಿಕೆ. ಗಣಪತಿಗೂ ಅವನ ಬಾಕ್ಸೇ, ಉರುಸಿಗೂ ಅವನ ಬಾಕ್ಸೇ. ನಡುಗಿಸುವ ಆಸೆಯಲ್ಲಿ ಮಾತ್ರ ನಮ್ಮಲ್ಲಿ ಭೇದವಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ನಿಯಮಗಳು ಹೇಳುತ್ತವೆ. ಅದನ್ನು ಯಾರು ಕೇಳುತ್ತಾರೆ! ಅವನು ನಿಯಮ ಹೇಳುವುದಿಲ್ಲ, ಲೆಕ್ಕ ಹೇಳುತ್ತಾನೆ. ನೂರು ವಾಟಿನ ಜಾಗದಲ್ಲಿ ಇನ್ನೂರು ಕೊಟ್ಟರೆ ಹೆಚ್ಚುವುದು ಮೂರೇ ಡೆಸಿಬಲ್. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟು ಬೇಕು. “ಓಣಿ ನಡಗೂದ ಬ್ಯಾರೆ, ಹಾಡ ಕೇಳೂದ ಬ್ಯಾರೆ ರೀ ಅಣ್ಣಾರ. ಅಷ್ಟ ರೊಕ್ಕಾ ಆಂಪಿಗೆ ಹಾಕೂಕಿಂತ ಬಾಕ್ಸ್ ಚೆಂದ ಮಾಡಸ್ರಿ.” ಕೆಲವರು ಕೇಳುತ್ತಾರೆ, ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ.

ಮೊನ್ನೆ ಬೆಟಗೇರಿಯ ಒಬ್ಬರು ಹಳೆಯ ಕಾರು ತಂದಿದ್ದರು. ನಿವೃತ್ತ ಮಾಸ್ತರರು, ಅವರಿಗೆ ನಡುಗಿಸುವುದು ಬೇಕಿರಲಿಲ್ಲ, ಭೀಮಸೇನ ಜೋಶಿಯವರ ತಂಬೂರಿಯ ಶ್ರುತಿ ಕೇಳಿಸಬೇಕಿತ್ತು. ಡಿಕ್ಕಿಯ ಮೂಲೆ ಸಣ್ಣದು. ಜೋಳ ಸುರಿದು ನೋಡಿದರೆ 22 ಲೀಟರಿಗೇ ತುಂಬಿತು, ಸ್ಪೀಕರಿಗೆ ಬೇಕಾದದ್ದು 26. ಇಂಥಲ್ಲಿ ಒಂದು ಉಪಾಯವಿದೆ. ಪೆಟ್ಟಿಗೆಯೊಳಗೆ ಹಗುರಾಗಿ ನಾರು ತುಂಬಿದರೆ ಒಳಗಿನ ಗಾಳಿ ಒತ್ತಿದಾಗ ಏರುವ ಕಾವನ್ನು ಅದು ಹೀರಿಕೊಳ್ಳುತ್ತದೆ, ಗಾಳಿಯ ಸ್ಪ್ರಿಂಗು ಮೆತ್ತಗಾಗುತ್ತದೆ, ಸ್ಪೀಕರಿಗೆ ಪೆಟ್ಟಿಗೆ ದೊಡ್ಡದಾದಂತೆ ಅನಿಸುತ್ತದೆ. ಸಾಮಾನ್ಯವಾಗಿ ತಲೆದಿಂಬಿನ ಪಾಲಿಯೆಸ್ಟರ್ ತುಂಬುತ್ತಾರೆ. ಅದು ಮುಗಿದಿತ್ತು. ಆಪಾ ಒಳಗಿನಿಂದ ಹಳೆಯ ಗಾದಿಯ ಅರಳೆ ತಂದು, ಬಾಗಿಲ ಹೊರಗೆ ಗಾಳಿಗೆ ಬೆನ್ನು ಮಾಡಿ ಕೂತು, ಮೂಗಿಗೆ ಸೆರಗು ಕಟ್ಟಿ ಕೈಯಿಂದಲೇ ಹಿಂಜತೊಡಗಿದಳು. ಎಷ್ಟು ತುಂಬಬೇಕು ಎಂದು ಕೇಳಿದಳು. ಗಾದಿಯಂತೆ ಒತ್ತಬೇಡ, ಕೈಬಿಟ್ಟರೆ ಹಾರುವಷ್ಟು ಸಡಿಲ ಇರಲಿ ಎಂದ. ಅವಳು ಹಾಗೆಯೇ ಹಿಂಜಿದಳು. ಅವನು ವೂಫರ್ ಕೂರಿಸಿ ಎಂಟೂ ಸ್ಕ್ರೂ ಬಿಗಿದ. ಮಾಸ್ತರರು ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು.