ಪದವಿಗಿಂತ ಮೊದಲು ಊರು ಆರಿಸಿಕೊ

ಶಿವಮೊಗ್ಗ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕಾಲೇಜುಗಳ ಪಟ್ಟಿಯನ್ನು ನಿಧಾನವಾಗಿ ಓದಿದೆ. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿದ ಮಗಳು ಈಗ ಆರ್ಕಿಟೆಕ್ಚರ್ ಓದುತ್ತೇನೆ ಅಂದರೆ ಭಾವನವರಿಗೆ ದಿಗಿಲಾಗುವುದು ಸಹಜ. ಓದಿದ್ದೆಲ್ಲ ನೀರುಪಾಲಾಯಿತೇ ಎಂಬ ಸಂಕಟ ಅವರದು. ಅವರಿಗೆ ಜಹಾ ಹದೀದ್ ವಿಷಯ ಹೇಳು. ಬಾಗ್ದಾದಿನಲ್ಲಿ ಹುಟ್ಟಿದ ಆಕೆ ಬೈರೂತ್‌ನಲ್ಲಿ ಓದಿದ್ದು ಗಣಿತ. ಆಮೇಲೆ 1972ರಲ್ಲಿ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆ ಸೇರಿದರು. 2004ರಲ್ಲಿ ಆರ್ಕಿಟೆಕ್ಚರ್ ಕ್ಷೇತ್ರದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ನೀನು ಓದಿದ ಗಣಿತ ಅಡ್ಡಿಯಲ್ಲ ಕಣೇ. ಅಡ್ಡಿ ಬರುವುದು ಕಾನೂನಿನ ಕಡೆಯಿಂದ. ಅದನ್ನು ಬಿಡಿಸಿ ಹೇಳಬೇಕೆಂದೇ ಈ ಕಾಗದ.

ನಮ್ಮ ದೇಶದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಇದೆ. ಅದರ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದವರಷ್ಟೇ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಈ ಕಾಯ್ದೆಯ 37ನೇ ಕಲಂ ಕಾಯುವುದು ಆ ಹೆಸರನ್ನು, ವಿನ್ಯಾಸ ಮಾಡುವ ಕೆಲಸವನ್ನು ಉಳಿದವರಿಗೆ ಅದು ನಿಷೇಧಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಸಿವಿಲ್ ಡಿಪ್ಲೊಮಾ ಮಾಡಿ ಇಲ್ಲಿ ಮನೆಗಳ ಪ್ಲ್ಯಾನ್ ಮಾಡುತ್ತಾ ಬಂದ ನನ್ನಂಥವರ ಅನ್ನ ಅದರಲ್ಲೇ ಇದೆ. ಆದರೆ ಬೋರ್ಡಿನ ಮೇಲೆ ಆರ್ಕಿಟೆಕ್ಟ್ ಎಂದು ಬರೆಸುವ ಹಕ್ಕು ನನಗಿಲ್ಲ. ಆ ಹಕ್ಕು ನಿನಗಿರಲಿ ಎಂಬುದು ನನ್ನ ಆಸೆ.

ಈಗ ನಿನ್ನ ಪಟ್ಟಿಗೆ ಬರೋಣ. ಅದರಲ್ಲಿ ಭಾರತದ ಎಂ.ಆರ್ಕ್., ಅಮೆರಿಕದ ಎಂ.ಆರ್ಕ್. ಎರಡನ್ನೂ ಒಟ್ಟಿಗೆ ಬರೆದಿದ್ದೀಯ. ಇಲ್ಲಿಯ ಎಂ.ಆರ್ಕ್. ಸೇರಲು ಮೊದಲು ಐದು ವರ್ಷದ ಬಿ.ಆರ್ಕ್. ಆಗಿರಬೇಕು. ಬಿ.ಎಸ್ಸಿ. ಮೇಲೆ ಅದು ಸಿಗುವುದಿಲ್ಲ, ಅವುಗಳನ್ನು ಈಗಲೇ ಹೊಡೆದುಹಾಕು. ಅಮೆರಿಕದಲ್ಲಿ ಬೇರೆ ವಿಷಯ ಓದಿದವರಿಗೆಂದೇ ಸುಮಾರು ಮೂರು ವರ್ಷದ ಎಂ.ಆರ್ಕ್. ಇದೆ. ಹಾರ್ವರ್ಡ್‌ನಲ್ಲಿ ಅದು ಮೂರೂವರೆ ವರ್ಷ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲೂ ಇಂಥವರಿಗೆ ಮೂರು ವರ್ಷದ ದಾರಿ ಇದೆ. ಅಮೆರಿಕದ್ದಾದರೆ ಆ ಕೋರ್ಸಿಗೆ ಅಲ್ಲಿಯ ಮಾನ್ಯತಾ ಮಂಡಳಿ ನ್ಯಾಬ್ (NAAB) ಕೊಟ್ಟ ಮಾನ್ಯತೆ ಇದೆಯೇ ಎಂದು ಮೊದಲು ನೋಡು. ಅಲ್ಲಿ ಲೈಸೆನ್ಸ್ ಪಡೆಯುವ ಸರಾಗವಾದ ದಾರಿ ಅದು. ‘ಮಾಸ್ಟರ್ ಆಫ್ ಸೈನ್ಸ್ ಇನ್ ಆರ್ಕಿಟೆಕ್ಚರ್’ ಎಂದಿದ್ದರೆ ಅದು ಸಂಶೋಧನೆಯ ಪದವಿ, ಆರ್ಕಿಟೆಕ್ಟ್ ಆಗುವ ಪದವಿಯಲ್ಲ. ನಿನ್ನ ಪಟ್ಟಿಯಲ್ಲಿ ಅಂಥವೂ ಸೇರಿಕೊಂಡಿವೆ.

ಮುಖ್ಯ ಮಾತು ಇದು: ಬಿ.ಆರ್ಕ್. ಇಲ್ಲದೆ ಹೊರದೇಶದಲ್ಲಿ ಎಂ.ಆರ್ಕ್. ಮಾಡಿ ಬಂದರೆ ಇಲ್ಲಿ ನೋಂದಣಿ ತಾನಾಗಿ ಆಗುವುದಿಲ್ಲ. ಹೊರದೇಶದ ಪದವಿಗೆ ಕಾಯ್ದೆಯಡಿ ಬೇರೆಯಾಗಿ ಮಾನ್ಯತೆ ಇರಬೇಕು. ಮೂರು ವರ್ಷ ದುಡಿದು, ಸಾಲ ಹೊತ್ತು, ನಿನ್ನೂರು ಭದ್ರಾವತಿಗೆ ಮರಳಿ, ಬೋರ್ಡು ಹಾಕಲಾಗದೆ ನೀನು ನಿಲ್ಲಬಾರದು.

ಹಾಗಾಗಿ ಕಾಲೇಜು ಯಾವುದು ಎಂದು ಕೇಳುವ ಮೊದಲು, ಯಾವ ಊರಿನಲ್ಲಿ ಕಟ್ಟಬೇಕೆಂದಿದ್ದೀಯ ಎಂದು ನಿನ್ನನ್ನೇ ಕೇಳಿಕೊ. ಹೊರಗೇ ನೆಲೆಸುವ ಮನಸ್ಸಿದ್ದರೆ ಅಲ್ಲಿಯ ಎಂ.ಆರ್ಕ್. ಸರಿ. ಅಲ್ಲಿ ಈಗ ಓದುತ್ತಿರುವವರಿಗೆ ಬರೆದು ಕೇಳು: ತರಗತಿಯಲ್ಲಿ ಬೇರೆ ವಿಷಯದಿಂದ ಬಂದವರು ಎಷ್ಟು ಜನ, ಮೊದಲ ವರ್ಷದ ಸ್ಟುಡಿಯೋದಲ್ಲಿ ಕೈಹಿಡಿದು ಕಲಿಸುತ್ತಾರೆಯೇ, ಫೀಸಿನಲ್ಲಿ ನಿಜವಾಗಿ ಎಷ್ಟು ಕಡಿಮೆಯಾಗುತ್ತದೆ. ಮಲೆನಾಡಿನ ಮಳೆಗೆ ಒಪ್ಪುವ ಮನೆ ಕಟ್ಟಬೇಕು ಅನ್ನುವುದಾದರೆ ಮತ್ತೆ ಬಿ.ಆರ್ಕ್.ಗೆ ಸೇರು. ಪಿಯುಸಿಯಲ್ಲಿ ಪಿಸಿಎಂ ಓದಿದ್ದೀಯ, ಬಿ.ಆರ್ಕ್. ಪ್ರವೇಶ ಪರೀಕ್ಷೆ ನಾಟಾ ಬರೆಯಲು ವಯಸ್ಸು ಅಡ್ಡಬರುವುದಿಲ್ಲ. ನಾಟಾ ಅಂಕಕ್ಕೂ ಪಿಯುಸಿ ಅಂಕಕ್ಕೂ ಸಮಪಾಲು ಕೊಟ್ಟು ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ರ‍್ಯಾಂಕ್ ಮಾಡುತ್ತದೆ. ನಿನಗಿಂತ ಚಿಕ್ಕವರ ಜೊತೆ ಐದು ವರ್ಷ ಕೂರುವುದು ಕಷ್ಟವೇ. ಆದರೂ ಇಲ್ಲಿ ಬದುಕುವವಳಿಗೆ ಅದೇ ಗಟ್ಟಿ ದಾರಿ.

ಯಾವ ದಾರಿ ಹಿಡಿದರೂ ಕೈ ಪಳಗಬೇಕು. ಹೊರಗಿನ ಕೋರ್ಸಿಗೆ ಪೋರ್ಟ್‌ಫೋಲಿಯೋ ಕೇಳುತ್ತಾರೆ. ಕಟ್ಟಡದ ನಕ್ಷೆಗಳೇ ಬೇಕೆಂದಿಲ್ಲ, ನೋಡುವ ಕಣ್ಣು ಕಂಡರೆ ಸಾಕು. ನಿಮ್ಮೂರ ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಟೇಪು ಹಿಡಿದು ಹೋಗು. 13ನೇ ಶತಮಾನದ ಹೊಯ್ಸಳರ ತ್ರಿಕೂಟ ಅದು. ಜಗತಿಯ ಸುತ್ತ ನಡೆದು, ಅಳೆದು, ಬರೆ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ತಿರುಗಿಸುತ್ತಾ ಹೋದರೆ ಹೊಯ್ಸಳರ ನಕ್ಷತ್ರಾಕಾರ ಹೇಗೆ ಹುಟ್ಟುತ್ತದೆಂದು ಗಣಿತ ಓದಿದ ನೀನು ಚಿತ್ರದಲ್ಲಿ ತೋರಿಸಬಲ್ಲೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್, ಎಂಪಿಎಂ ಕಾಗದ ಕಾರ್ಖಾನೆ ನಿಂತ ಮೇಲಿನ ಪೇಪರ್ ಟೌನ್, ಇಲ್ಲಿ ಶಿವಪ್ಪ ನಾಯಕ ಅರಮನೆಯ ಮರದ ಕಂಬಗಳು: ಎಲ್ಲವನ್ನೂ ಬರೆ. ಕಾರ್ಮಿಕರ ಮನೆಯಲ್ಲಿ ಗಾಳಿ ಎಲ್ಲಿಂದ ಬರುತ್ತದೆ, ನೀರು ಎಲ್ಲಿ ಸೋರುತ್ತದೆ ಎಂದು ಆ ಮನೆಯವರನ್ನೇ ಕೇಳಿ ಟಿಪ್ಪಣಿ ಮಾಡು. ಅಮೆರಿಕದಲ್ಲಿ ಅರ್ಜಿ ಓದುವವರಿಗೆ ಭದ್ರಾವತಿಯನ್ನು ನಿನ್ನಷ್ಟು ಚೆನ್ನಾಗಿ ತೋರಿಸುವವರು ಬೇರೆ ಯಾರೂ ಇರುವುದಿಲ್ಲ.

ನನ್ನ ಮನಸ್ಸು ಬಿ.ಆರ್ಕ್. ಕಡೆಗಿದೆ, ಮುಚ್ಚಿಡುವುದಿಲ್ಲ. ತೀರ್ಮಾನ ನಿನ್ನದು, ನೀನು ಹೊರಗೆ ಹೋದರೂ ನಿನ್ನ ಬೆನ್ನಿಗೆ ನಾನಿದ್ದೇನೆ. ಒಂದನ್ನು ಮಾತ್ರ ನಡೆಸಿಕೊಡು: ಯಾವ ಕಾಲೇಜಿಗೂ ಅರ್ಜಿ ಶುಲ್ಕ ಕಟ್ಟುವ ಮೊದಲು ಆ ಪದವಿಯ ಹೆಸರು ಬರೆದು ಕೌನ್ಸಿಲ್‌ಗೆ ಪತ್ರ ಹಾಕು, ಲಿಖಿತ ಉತ್ತರ ತರಿಸಿಕೊ. ಆ ಉತ್ತರ ಕೈಗೆ ಬಂದ ಮೇಲೆ ಭಾವನವರ ಜೊತೆ ನಾನೇ ಕೂತು ಮಾತಾಡುತ್ತೇನೆ.

ನಿನ್ನ ಪ್ರೀತಿಯ
ಚಿಕ್ಕಮ್ಮ