ಅಲ್ಲಿನ್ನೂ ಬೆಳಕಿದೆಯಾ, ಅಮ್ಮಾ?

ಬಾಗಿಲು ತೆಗೆದರೆ ಹಿಡಿಗೆ ಒಂದು ಮರದ ಹಲಗೆ ತೂಗಾಡುತ್ತಿದೆ. ಅಂಗೈ ಅಗಲದ್ದು, ಅಂಚಿಗೆ ಹೂಬಳ್ಳಿ, ನಡುವೆ ಒಂದೇ ಪದ: ಕೇರ್‌ವೋಖೆ. ಶನಿವಾರ ಬೆಳಗಿನ ಎಂಟು ಗಂಟೆ. ನನ್ನ ಕೈಯಲ್ಲಿ ಖಾಲಿ ಬಾಟಲಿಗಳ ಚೀಲ, ಕಾಲಲ್ಲಿ ಬೆಂಗಳೂರಿನ ಹವಾಯಿ ಚಪ್ಪಲಿ, ಅದರೊಳಗೆ ಉಣ್ಣೆಯ ಕಾಲುಚೀಲ. ಯಾರೋ ಬಾಗಿಲು ತಪ್ಪಿ ಹಾಕಿರಬೇಕು ಅಂದುಕೊಂಡು ಹಲಗೆಯನ್ನು ಎದುರು ಮನೆಯ ಹಿಡಿಗೆ ಸಿಕ್ಕಿಸಿ ಮೆಟ್ಟಿಲಿಳಿಯುತ್ತೇನೆ.

ಸೂಪರ್‌ಮಾರ್ಕೆಟ್ಟಿನ ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ದುಂಡು ಬಾಯಿ. ಪ್ಲಾಸ್ಟಿಕ್ ಬಾಟಲಿ ಕೊಟ್ಟರೆ ತಿರುಗಿಸಿ ನೋಡಿ ನುಂಗುತ್ತದೆ, ಒಂದಕ್ಕೆ 25 ಸೆಂಟಿನಂತೆ ಚೀಟಿ ಕೊಡುತ್ತದೆ. ಏಳು ಬಾಟಲಿ. ನಾಳೆ ಭಾನುವಾರ, ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಹೋದ ವಾರ ಅದು ಗೊತ್ತಿಲ್ಲದೆ ಭಾನುವಾರವಿಡೀ ಹಾಲಿಲ್ಲದ ಕಾಫಿ ಕುಡಿದಿದ್ದೆ. ಈ ಸಲ ಎರಡು ಲೀಟರ್ ಹಾಲು, ಒಂದು ಪೊಟ್ಟಣ ದುಂಡಕ್ಕಿ. ಅದರ ಮೇಲೆ ಪಾಯಸದಂಥ ಸಿಹಿಯ ಚಿತ್ರವಿದೆ, ಆದರೆ ಮೊಸರನ್ನಕ್ಕೆ ಅಷ್ಟು ಮೆತ್ತಗೆ ಬೇಯುವ ಅಕ್ಕಿ ಇಲ್ಲಿ ಬೇರೆ ಸಿಕ್ಕಿಲ್ಲ.

ವಾಪಸು ಮೂರನೇ ಮಹಡಿಗೆ ಏದುಸಿರು ಬಿಡುತ್ತ ಹತ್ತಿ ಬಂದರೆ ಹಲಗೆ ಮತ್ತೆ ನನ್ನ ಬಾಗಿಲಲ್ಲೇ ಇದೆ.

ಕೆಳಮನೆಯ ಅಜ್ಜಿ ಮೆಟ್ಟಿಲ ಮೇಲೆ ನಿಂತಿದ್ದಾರೆ. ಎಂಬತ್ತು ದಾಟಿರಬೇಕು, ಬೆನ್ನು ನೆಟ್ಟಗಿದೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಬಕೆಟ್ಟು. 'ಗ್ರ್ಯೂಸ್ ಗಾಟ್' ಅನ್ನುತ್ತಾರೆ. ಇಲ್ಲಿ ನಮಸ್ಕಾರಕ್ಕೂ ದೇವರು ಬೇಕು. ಆಮೇಲೆ ಹಲಗೆ ತೋರಿಸಿ, ನನ್ನನ್ನು ತೋರಿಸಿ, ಪೊರಕೆ ತೋರಿಸುತ್ತಾರೆ. ಜರ್ಮನ್ ಬರದವಳಿಗೂ ಅರ್ಥವಾಗುತ್ತದೆ. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನನ್ನದು.

ಅದೇ ಪೊರಕೆ ನನಗೆ ಆಗಲೇ ಪರಿಚಯ. ಮಂಗಳವಾರ ರಾತ್ರಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿದು ಮೆಣಸಿನಕಾಯಿ ಕಪ್ಪಾಗುವಷ್ಟರಲ್ಲಿ ಸೂರಿನ ಮೇಲಿನ ಬಿಳಿ ಬಿಲ್ಲೆ ಕಿವಿ ಹರಿಯುವಂತೆ ಕಿರುಚಿಕೊಂಡಿತು. ಹೊಗೆ ಹಿಡಿಯುವ ಆ ಯಂತ್ರ ಇಲ್ಲಿ ಮನೆ ಮನೆಗೂ ಕಡ್ಡಾಯ. ಟವೆಲ್ ಬೀಸಿದೆ, ಕುರ್ಚಿ ಹತ್ತಿದೆ, ಕೈಗೆ ಎಟುಕಲಿಲ್ಲ. ಬಾಗಿಲು ಬಡಿದ ಸದ್ದು. ತೆಗೆದರೆ ರಾತ್ರಿಯುಡುಪಿನಲ್ಲಿ ಈ ಅಜ್ಜಿ. ಒಂದು ಮಾತೂ ಆಡದೆ ಒಳಗೆ ಬಂದು, ಪೊರಕೆಯ ಹಿಡಿಯಿಂದ ಬಿಲ್ಲೆಯ ನಡುವಿಗೆ ಒಮ್ಮೆ ತಿವಿದರು. ಸದ್ದು ನಿಂತಿತು. ಆಮೇಲೆ ಬಾಣಲೆಯ ಮೇಲೆ ಬಗ್ಗಿ ಮೂಸಿ, ಎರಡು ಸಲ ಕೆಮ್ಮಿ, ಕಿಟಕಿಯನ್ನು ಪೂರಾ ತೆರೆದು ಹೋದರು. ಅಕ್ಟೋಬರಿನ ಚಳಿ ಒಳಗೆ ನುಗ್ಗಿತು.

ಈಗ ಅವರು ಮುಂದೆ, ನಾನು ಹಿಂದೆ. ಮೇಲಿನಿಂದ ಕೆಳಕ್ಕೆ, ಒಂದೊಂದೇ ಮೆಟ್ಟಿಲು, ಮೂಲೆಯಲ್ಲಿ ಪೊರಕೆಯನ್ನು ಅಡ್ಡ ತಿರುಗಿಸಬೇಕು. ನಾನು ಬಗ್ಗಿ ಬಟ್ಟೆಯಲ್ಲಿ ಒರೆಸಲು ಹೋದರೆ ಗಾಬರಿಯಾಗಿ ಎಬ್ಬಿಸುತ್ತಾರೆ. ಉದ್ದ ಕೋಲಿನ ಮಾಪು ಇದೆ, ನಿಂತೇ ಒರೆಸಬೇಕು. ಸ್ಟುಟ್‌ಗಾರ್ಟ್ ಸುತ್ತಲಿನ ಶ್ವಾಬಿಯಾ ಸೀಮೆಯವರಿಗೆ ಇದು ಬರೀ ಗುಡಿಸುವ ಕೆಲಸವಲ್ಲ, ಊರಿನ ಗುರುತು. 1492ರಲ್ಲೇ ಎಬರ್‌ಹಾರ್ಟ್ ಎಂಬ ದೊರೆ, ವಾರಕ್ಕೊಮ್ಮೆ ಅವರವರ ಕೊಳೆ ಅವರೇ ಸಾಗಿಸಬೇಕು ಅಂತ ಕಟ್ಟಲೆ ಮಾಡಿದ್ದನಂತೆ. ಈಗ ಅದು ಬಾಡಿಗೆ ಕರಾರಿನ ಹನ್ನೊಂದನೇ ಪುಟದಲ್ಲಿದೆ. ನಾನು ಓದದೆ ಸಹಿ ಹಾಕಿದ ಪುಟ.

ಸಂಜೆ ಫೋನಿನಲ್ಲಿ ಅತ್ತೆಗೆ ಇದನ್ನೆಲ್ಲ ಹೇಳುತ್ತೇನೆ. ಬನಶಂಕರಿಯ ಮನೆಮುಂದೆ ದಿನಾ ಬೆಳಗ್ಗೆ ನೀರು ಹಾಕಿ ರಂಗೋಲಿ ಬಿಡುವ ಅವರಿಗೆ ಒಂದೇ ಅನುಮಾನ.

'ವಾರಕ್ಕೊಂದೇ ಸಲಾನಾ?'

ಆರು ತಿಂಗಳ ಆನ್‌ಸೈಟ್. ಕಾರಿನ ಬ್ರೇಕಿಗೆ ಬರೆದ ಸಾಫ್ಟ್‌ವೇರನ್ನು ಇಲ್ಲಿನ ಟೆಸ್ಟ್ ಬೆಂಚಿನ ಮುಂದೆ ಕೂತು ಪರೀಕ್ಷಿಸುವ ಕೆಲಸ. ಮರ್ಸಿಡಿಸ್, ಪೋರ್ಷೆ ಎರಡರ ತವರೂ ಈ ಊರೇ, ಹಾಗಾಗಿ ನಮ್ಮ ಕಡೆಯ ಎಂಜಿನಿಯರುಗಳು ಬಂದು ಹೋಗುವುದು ಇಲ್ಲಿನವರಿಗೆ ಹೊಸದಲ್ಲ. ಊರು ಒಂದು ಬಾಣಲೆಯ ಹಾಗಿದೆ. ತಳದಲ್ಲಿ ಅಂಗಡಿ ಕಚೇರಿಗಳು, ಸುತ್ತ ಗುಡ್ಡ, ಗುಡ್ಡದ ಮೈಮೇಲೆ ಮನೆಗಳು, ಮನೆಗಳ ನಡುವೆಯೇ ದ್ರಾಕ್ಷಿ ತೋಟ. ನನ್ನ ಮನೆ ಬಾಣಲೆಯ ಕಂಠದ ಹತ್ತಿರ. ಹಳದಿ ಟ್ರಾಮಿನಿಂದ ಇಳಿದು ಎರಡು ಕಟ್ಟಡಗಳ ಸಂದಿಯ ಕಲ್ಲುಮೆಟ್ಟಿಲು ಹತ್ತಬೇಕು. ಇಂಥ ಮೆಟ್ಟಿಲುದಾರಿ ಊರ ತುಂಬ ಇವೆ, ಅವಕ್ಕೆ 'ಶ್ಟೆಫೆಲೆ' ಅನ್ನುತ್ತಾರೆ. ಇವರಿಗೆ ಯಾವುದರ ಮೇಲೆ ಅಕ್ಕರೆ ಬಂದರೂ ಕೊನೆಗೆ ಒಂದು 'ಲೆ' ಹಚ್ಚುವ ಅಭ್ಯಾಸ. ಆಫೀಸಿನ ಹುಬ್ಬಳ್ಳಿ ಗೆಳತಿಗೆ ಇದನ್ನು ಮೆಸೇಜ್ ಮಾಡಿದರೆ ಉತ್ತರ ಬಂತು: 'ಹಂಗಾರ ನಮ್ಮೂರ ಮಂದೀನೇ ಬಿಡಲೇ.'

ಬೆಂಗಳೂರಿನಿಂದ ಕಟ್ಟಿದ ಸಾಮಾನುಗಳಲ್ಲಿ ಕೆಲವು ಗೆದ್ದವು, ಕೆಲವು ಸೋತವು. ಅಲ್ಯೂಮಿನಿಯಂ ಕುಕ್ಕರ್ ಸೋತಿತು. ಇಲ್ಲಿರುವುದು ಇಂಡಕ್ಷನ್ ಒಲೆ, ಅದಕ್ಕೆ ಕುಕ್ಕರ್ ಪಾತ್ರೆಯೆಂದೇ ಅನ್ನಿಸುವುದಿಲ್ಲ, ಸುಮ್ಮನೆ ಕಣ್ಣು ಮಿಟುಕಿಸುತ್ತದೆ. ಈಗ ಅದರೊಳಗೆ ಈರುಳ್ಳಿ ಇಟ್ಟಿದ್ದೇನೆ. ಸಾರಿನ ಪುಡಿ ಮೂರು ಕವರಿನಲ್ಲಿ ಸುತ್ತಿಕೊಂಡು ಗೆದ್ದು ಬಂತು. ತುಪ್ಪ ಬರಲೇ ಇಲ್ಲ. ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ ಅಂತ ನಿಯಮ ಓದಿ ಹೇಳಿದಾಗ ಅತ್ತೆ, ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪದ ಡಬ್ಬಿಯನ್ನು ಸೂಟ್‌ಕೇಸಿನಿಂದ ವಾಪಸು ತೆಗೆದು, 'ತುಪ್ಪಕ್ಕೂ ವೀಸಾನಾ' ಅಂದಿದ್ದರು. ಇಲ್ಲಿನ ಅಂಗಡಿಯ ಕಪಾಟಿನಲ್ಲಿ ಬೆಣ್ಣೆಯ ಪಕ್ಕ ಹಳದಿ ಡಬ್ಬಿಯೊಂದು ಸಿಕ್ಕಿತು, ಬುಟರ್‌ಶ್ಮಾಲ್ಟ್ಸ್. ಮಾಂಸ ಹುರಿಯಲು ಕೊಳ್ಳುತ್ತಾರೆ. ಮನೆಗೆ ತಂದು ಬಿಸಿ ಅನ್ನದ ಮೇಲೆ ಹಾಕಿದೆ. ತುಪ್ಪವೇ. ಬಣ್ಣ ಸರಿ, ಕರಗುವ ಬಗೆ ಸರಿ. ಮೂಗಿನ ಹತ್ತಿರ ತಂದರೆ ಮಾತ್ರ ಯಾರ ಮನೆಯದೂ ಅಲ್ಲ.

ಮನೆ ಸಿಕ್ಕಿ ಎರಡು ವಾರದೊಳಗೆ ಪುರಭವನದ ಕಚೇರಿಗೆ ಹೋಗಿ ಇಂಥಲ್ಲಿ ಇದ್ದೇನೆ ಅಂತ ಹೆಸರು ಬರೆಸಬೇಕು. ಬರೆಸಿದೆ. ಅಲ್ಲಿಂದ ಮುಂದೆ ಎಲ್ಲವೂ ಅಂಚೆಯಲ್ಲಿ: ತೆರಿಗೆ ನಂಬರು, ಬ್ಯಾಂಕ್ ಕಾರ್ಡು, ಕಾರ್ಡಿನ ಪಿನ್ನು ಬೇರೆ ಲಕೋಟೆಯಲ್ಲಿ. ಟೀವಿ ಇಲ್ಲದಿದ್ದರೂ ಮನೆಗಿಷ್ಟು ಅಂತ ತಿಂಗಳಿಗೆ 18 ಯೂರೊ ಚಿಲ್ಲರೆ ರೇಡಿಯೊ-ಟೀವಿ ಶುಲ್ಕ ಕಟ್ಟಿ ಅಂತ ಒಂದು ಕಾಗದ. ಅಂಚೆಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಇವೆಲ್ಲ ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗುತ್ತವೆ. ಬರೀ ಮನೆತನದ ಹೆಸರು ಅಂಟಿಸಿದರೆ ಸಾಕು ಅಂದರು. ನಮಗೆಲ್ಲಿಯ ಮನೆತನದ ಹೆಸರು? ಪಾಸ್‌ಪೋರ್ಟಿನ ಆ ಕಾಲಮ್ಮಿನಲ್ಲಿರುವುದು ಅಪ್ಪನ ಹೆಸರು. ತಿಪಟೂರಿನಾಚೆ ತೆಂಗಿನ ತೋಟ ಬಿಟ್ಟು ಬೆಂಗಳೂರಿಗೆ ಬರಲೂ ಒಲ್ಲೆ ಅನ್ನುವ ಅಪ್ಪ, ಈಗ ಸ್ಟುಟ್‌ಗಾರ್ಟಿನ ಒಂದು ತಗಡಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಕೂತಿದ್ದಾರೆ. ಆಫೀಸಿನಲ್ಲಿ ವಯಸ್ಸಾದ ಸಹೋದ್ಯೋಗಿಯೊಬ್ಬರು ಫ್ರಾವ್ ಅಂತ ಸೇರಿಸಿ ನನ್ನನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಪ್ರತಿ ಸಲವೂ ಅಪ್ಪ ಹಿಂದೆ ಬಂದು ನಿಂತಿರಬಹುದೇ ಅಂತ ತಿರುಗಿ ನೋಡಬೇಕೆನಿಸುತ್ತದೆ.

ಆಫೀಸು ಕಷ್ಟವಾಗಲಿಲ್ಲ. ಕೆಲಸ ಅದೇ, ತಪ್ಪುಗಳೂ ಅವೇ. ಮಧ್ಯಾಹ್ನ ಕ್ಯಾಂಟೀನ್ ದಾರಿಯಲ್ಲಿ ಎದುರಾದವರೆಲ್ಲ 'ಮಾಲ್‌ಟ್ಸೈಟ್' ಅನ್ನುತ್ತಾರೆ, ಊಟದ ಹೊತ್ತು ಅಂತ. ಉತ್ತರಕ್ಕೂ ಅದನ್ನೇ ಅನ್ನಬೇಕು. 'ಊಟ ಆಯ್ತಾ' ಅನ್ನುವ ನಮ್ಮ ಮಾತಿಗೆ ಇದು ದೂರದ ನೆಂಟ. ಆದರೆ ಇಲ್ಲಿ ಯಾರೂ ಏನು ಊಟ ಅಂತ ಕೇಳುವುದಿಲ್ಲ.

ಕಷ್ಟವಾದದ್ದು ಗಡಿಯಾರ.

ಅಕ್ಟೋಬರಿನಲ್ಲಿ ಇಲ್ಲಿಗೂ ಬೆಂಗಳೂರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಪುಟ್ಟಿ ಮಲಗುವುದು ರಾತ್ರಿ ಒಂಬತ್ತಕ್ಕೆ, ನನಗಾಗ ಸಂಜೆ ಐದೂವರೆ. ಟ್ರಾಮ್ ಇಳಿದು ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚುತ್ತೇನೆ. ಪರದೆಯಲ್ಲಿ ಮೊದಲು ಫ್ಯಾನು, ಆಮೇಲೆ ಒಂದು ಮೂಗು, ಆಮೇಲೆ ಐದು ವರ್ಷದ ಪೂರ್ತಿ ಮುಖ.

'ಅಮ್ಮಾ, ಅಲ್ಲಿನ್ನೂ ಬೆಳಕಿದೆಯಾ?'

'ಇದೆ ಪುಟ್ಟಿ.'

'ತೋರ್ಸು.'

ಫೋನ್ ತಿರುಗಿಸಿ ಗುಡ್ಡದ ಮೇಲಿನ ಬಿಸಿಲು ತೋರಿಸುತ್ತೇನೆ. ದ್ರಾಕ್ಷಿ ಎಲೆಗಳೆಲ್ಲ ಅರಿಸಿನವಾಗಿವೆ.

'ನಿಂಗೆ ಬೆಳಕಿದ್ರೆ ನಾನ್ ಯಾಕ್ ಮಲಕ್ಕೋಬೇಕು?'

ಇದಕ್ಕೆ ಭೂಮಿ, ಸೂರ್ಯ, ಮೂಸಂಬಿ ಹಣ್ಣು, ಟಾರ್ಚು ಎಲ್ಲ ಹಿಡಿದು ಅವರಪ್ಪ ವಿವರಿಸಿದ್ದಾರೆ. ಮೂಸಂಬಿ ತಿಂದಾಯಿತು, ಪ್ರಶ್ನೆ ಉಳಿಯಿತು. 'ದಿನಾ ಇದೇ ಕಣೇ, ಹತ್ತೂವರೆಯಾದ್ರೂ ಕಣ್ಣು ಮುಚ್ಚಲ್ಲ' ಅಂತ ಇವರು ಹಿಂದಿನಿಂದ ಅನ್ನುತ್ತಾರೆ. 'ಲೈಟ್ ಆರಿಸ್ರೀ' ಅನ್ನುತ್ತೇನೆ. ಏಳು ಸಾವಿರ ಕಿಲೋಮೀಟರಿನಾಚೆ ಕೂತು ಲೈಟ್ ಆರಿಸಿ ಅನ್ನುವುದು ಸುಲಭ.

ಅಕ್ಟೋಬರಿನ ಕೊನೆಯ ಭಾನುವಾರ ಇಡೀ ಊರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿತು. ಎಲ್ಲರೂ ಒಂದು ತಾಸು ಹೆಚ್ಚು ನಿದ್ದೆಯೆಂದು ಹಿಗ್ಗಿದರು. ನನಗೆ ವ್ಯತ್ಯಾಸ ನಾಲ್ಕೂವರೆಗೆ ಏರಿತು. ಪುಟ್ಟಿಯ ಒಂಬತ್ತು ಗಂಟೆ ಈಗ ನನ್ನ ನಾಲ್ಕೂವರೆ, ಟೆಸ್ಟ್ ಬೆಂಚು ಬಿಟ್ಟು ಏಳಲಾಗದ ಹೊತ್ತು. ಒಂದು ವಾರ ಅವಳು ನಿದ್ದೆ ಹೋದ ಮೇಲೆ ಫೋನ್ ಮಾಡಿದೆ. ಮಲಗಿದ ಕೆನ್ನೆಯನ್ನು ಪರದೆಯಲ್ಲಿ ನೋಡುವುದು ಏನೂ ನೋಡದಿರುವುದಕ್ಕಿಂತ ಕಷ್ಟ. ಎರಡನೇ ವಾರ ಟೀಮಿನ ಹಿರಿಯರನ್ನು ಕೇಳಿದೆ, ಬೆಳಗ್ಗೆ ಏಳಕ್ಕೆ ಬಂದು ನಾಲ್ಕಕ್ಕೆ ಹೋಗಬಹುದೇ ಅಂತ. ಅವರು ಕಾರಣ ಕೇಳಲಿಲ್ಲ. ಇಲ್ಲಿ ಆರೂವರೆಗೇ ಬಂದು ಕೂರುವವರಿದ್ದಾರೆ. ಬೆಂಗಳೂರಿನಲ್ಲಾಗಿದ್ದರೆ ನಾಲ್ಕಕ್ಕೆ ಬ್ಯಾಗು ಎತ್ತಿದವಳನ್ನು 'ಏನು, ಹಾಫ್ ಡೇನಾ' ಅಂತ ಕೇಳದೆ ಬಿಡುತ್ತಿರಲಿಲ್ಲ. ಆ ಒಂದು ವಿಷಯದಲ್ಲಿ ಈ ಊರಿನ ಮೇಲೆ ನನಗೆ ಹೊಟ್ಟೆಕಿಚ್ಚಿದೆ.

ನವೆಂಬರಿನ ಭಾನುವಾರಗಳು ಉದ್ದ. ಅಂಗಡಿಯಿಲ್ಲ, ಜನವಿಲ್ಲ, ಗಾಜಿನಾಚೆ ಬೂದಿ ಬಣ್ಣದ ಮಳೆ. ಅಂಥ ಒಂದು ಬೆಳಗ್ಗೆ ಎಸ್-1 ರೈಲು ಹತ್ತಿ ಎಸ್‌ಲಿಂಗನ್‌ಗೆ ಹೋಗುತ್ತೇನೆ. ಕಾಲು ಗಂಟೆಯ ಮೇಲೆ ಸ್ವಲ್ಪ, ಪಕ್ಕದಲ್ಲಿ ನೆಕಾರ್ ನದಿ. ಅಲ್ಲಿ ನೋಡಲೇಬೇಕಾದ್ದು ಏನೂ ಇರಲಿಲ್ಲ. ಜುಲೈ 1ರ ಪತ್ರಿಕಾ ದಿನದ ಕತೆ ಗೊತ್ತಿತ್ತಷ್ಟೆ. 1843ರಲ್ಲಿ ಅದೇ ದಿನ ಕಲ್ಲಚ್ಚಿನಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಈ ಸೀಮೆಯವರು. 1836ರಲ್ಲಿ ಮಂಗಳೂರಿಗೆ ಹೋದರು, 1860ರಲ್ಲಿ ಮರಳಿದರು, 1881ರಲ್ಲಿ ಎಸ್‌ಲಿಂಗನ್‌ನಲ್ಲೇ ತೀರಿಕೊಂಡರು. ಕನ್ನಡ ನಿಘಂಟಿನ ಕಿಟೆಲ್ ಕೂಡ ಕೊನೆಗಾಲಕ್ಕೆ ಇಲ್ಲೇ ಪಕ್ಕದ ಟ್ಯೂಬಿಂಗನ್‌ನಲ್ಲಿದ್ದರು. ಇಬ್ಬರೂ ನಮ್ಮಲ್ಲಿಗೆ ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಸಿ ಹೊಗಳಬೇಕಿಲ್ಲ. ಆದರೆ ಮರದ ತೊಲೆಗಳ ಓರೆಕೋರೆ ಮನೆಗಳ ನಡುವೆ ಕೊಡೆ ಹಿಡಿದು ನಡೆಯುವಾಗ ನನಗೆ ಬೇರೆಯದೇ ಯೋಚನೆ. ಈ ಚಳಿಯ ನಾಲಿಗೆ 'ಳ'ಕಾರವನ್ನು ಹೇಗೆ ಹಿಡಿಯಿತು? ಕೆಳಮನೆ ಅಜ್ಜಿಗೆ 'ಬಾಳೆಹಣ್ಣು' ಹೇಳಿಸಲು ಮೂರು ಶನಿವಾರದಿಂದ ಒದ್ದಾಡುತ್ತಿದ್ದೇನೆ, 'ಬಾಲೆಹನ್ನು' ದಾಟಿಲ್ಲ. ಗಂಟಲಾಳದ ಅವರ 'ಖ' ನನಗೂ ಬಂದಿಲ್ಲ, ಅದು ಬೇರೆ ಮಾತು. ಬೇಕರಿಯೊಂದು ತೆರೆದಿತ್ತು. ಉಪ್ಪು ಹರಳಿನ ಬ್ರೆಟ್ಸೆಲ್ ಕೊಂಡು ರೈಲಿನಲ್ಲಿ ತಿಂದೆ. ನಾಲ್ಕು ಮೊಸರನ್ನದ ಭಾನುವಾರಗಳ ನಂತರ ಹೊಟ್ಟೆ ಮೊದಲ ಸಲ ಈ ಊರಿನದೇನನ್ನೋ ತಾನಾಗಿ ಕೇಳಿತ್ತು.

ಡಿಸೆಂಬರ್ ಎರಡನೇ ವಾರ. ಹಲಗೆ ಮತ್ತೆ ನನ್ನ ಬಾಗಿಲಿಗೆ ಬಂದು, ಮೆಟ್ಟಿಲು ಒರೆಸಿಸಿಕೊಂಡು, ಎದುರು ಮನೆಗೆ ಹೋಗಿದೆ. ಈ ಸಲ ಸರಿಯಾದ ದಿನಕ್ಕೆ ನಾನೇ ಹಾಕಿದೆ.

ನಾಲ್ಕೂ ಮುಕ್ಕಾಲು. ಟ್ರಾಮ್ ನಿಲ್ದಾಣ. ಮೋಡ ಬೇರೆ, ದೀಪಗಳು ಆಗಲೇ ಹತ್ತಿಕೊಂಡಿವೆ, ಗುಡ್ಡ ಎಲ್ಲಿದೆಯೆಂದು ಅದರ ಮೇಲಿನ ಕಿಟಕಿಗಳಿಂದ ಊಹಿಸಬೇಕು. ಕೈಗವಸು ಹಲ್ಲಿನಿಂದ ಎಳೆದು ಫೋನ್ ಹಚ್ಚುತ್ತೇನೆ. ಫ್ಯಾನು. ಮೂಗು. ಮುಖ.

'ಅಲ್ಲಿನ್ನೂ ಬೆಳಕಿದೆಯಾ, ಅಮ್ಮಾ?'

'ಇಲ್ಲ ಪುಟ್ಟಿ.'

'ತೋರ್ಸು.'

ತಿರುಗಿಸುತ್ತೇನೆ. ಕತ್ತಲು, ಹಳಿಯ ಮೇಲಿನ ಒದ್ದೆ ಹೊಳಪು, ದೂರದಲ್ಲಿ ಟ್ರಾಮಿನ ಎರಡು ದೀಪ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಪರೀಕ್ಷೆ ನಡೆಯುತ್ತಿದೆ.

'ಪೂರ್ತಿ ರಾತ್ರೀನಾ?'

'ಪೂರ್ತಿ.'

'ಸರಿ ಹಂಗಾದ್ರೆ' ಅನ್ನುತ್ತಾಳೆ, ಹೊದಿಕೆ ಎಳೆದುಕೊಳ್ಳುತ್ತ. 'ನೀನೂ ಮಲಕ್ಕೋ.' ಆಮೇಲೆ ಅತ್ತ ತಿರುಗಿ, ತಾನೇ ಕೂಗಿ ಹೇಳುತ್ತಾಳೆ: 'ಅಪ್ಪಾ, ಲೈಟ್ ಆರ್ಸು.'