ಒಂದು ‘ವೇರ್’ಗೆ ಎಷ್ಟು ಮಾತು?

ಸಿಯೋಲ್‌ಗೆ ಕೆಲಸಕ್ಕೆ ಬಂದ ಹೊಸತು. ಊಟಕ್ಕೆ ಹೊರಟಾಗ ಬಿಸಿಲಿತ್ತು. ‘ಟೋಪಿ ಹಾಕ್ಕೋತೀನಿ’ ಅಂತ ಕೊರಿಯನ್‌ನಲ್ಲಿ ಹೇಳಿದೆ. ಸಹೋದ್ಯೋಗಿ ನಕ್ಕಳು. ನಾನು ಬಳಸಿದ ‘ಇಪ್ತಾ’ ಬಟ್ಟೆಗೆ ಮಾತ್ರವಂತೆ. ಟೋಪಿ, ಕನ್ನಡಕಕ್ಕೆ ‘ಸ್ಸುದಾ’, ಶೂಗೆ ‘ಶಿನ್ತಾ’, ಉಂಗುರಕ್ಕೆ ‘ಕ್ಕಿದಾ’. ಇಂಗ್ಲಿಷ್‌ನ ಒಂದೇ ‘ವೇರ್’ಗೆ ಇಷ್ಟೊಂದಾ!

ರಾತ್ರಿ ಫೋನಿನಲ್ಲಿ ಅಮ್ಮನ ಹತ್ತಿರ ಗೊಣಗಿದೆ.

“ಅದರಲ್ಲೇನೇ ಕಷ್ಟ? ನಾವೂ ಸೀರೆ ಉಡ್ತೀವಿ, ಬಳೆ ತೊಡ್ತೀವಿ, ಹೂ ಮುಡೀತೀವಿ. ನೀನೇ ಎಲ್ಲದಕ್ಕೂ ‘ಹಾಕ್ಕೋ’ ಅನ್ನೋದು” ಅಂದಳು.

ನನಗೆ ಮಾತೇ ಹೊರಡಲಿಲ್ಲ. ಕೊರಿಯನ್ ಪದಗಳನ್ನು ಬರೆದುಕೊಂಡಿದ್ದ ಪುಟದಲ್ಲೇ ಅಮ್ಮನ ಮೂರನ್ನೂ ಬರೆದಿಟ್ಟೆ. ಈ ಸಲ ಊರಿಗೆ ಹೋದಾಗ ಮಲ್ಲಿಗೆ ‘ಹಾಕ್ಕೊಳ್ಳಲ್ಲ’, ಮುಡೀತೀನಿ.